ಪಿ.ಜೆ. ಬಡಾವಣೆ: ನಡೆದು ನೋಡಿ ಹಿಡಿದ ಮನೆಯಲ್ಲಿ ಹತ್ತು ತಿಂಗಳು

ದಾವಣಗೆರೆಗೆ ವರ್ಗವಾಗಿ ಬಂದು, ಬಾಡಿಗೆ ಮನೆಗಾಗಿ ಒಂದೂವರೆ ತಿಂಗಳು ಅಲೆದು, ಕೊನೆಗೆ ಪಿ.ಜೆ. ಬಡಾವಣೆಯ ಹಳೆಯ ಕಟ್ಟಡವೊಂದರ ಕೆಳಗಿನ ಮನೆಯಲ್ಲಿ ನೆಲೆ ನಿಂತ ನಮಗೆ ಈಗ ಹತ್ತು ತಿಂಗಳು ತುಂಬಿದೆ. ಮಿಕ್ಸಿ ಕೊಳ್ಳುವಾಗ, ಹೋಟೆಲಿಗೆ ಹೋಗುವಾಗ ನಾವು ನಾಲ್ಕು ಜನರ ಅಭಿಪ್ರಾಯ ಓದುತ್ತೇವೆ. ಆದರೆ ವರ್ಷಗಟ್ಟಲೆ ಬದುಕಬೇಕಾದ ಬಡಾವಣೆಯನ್ನು ಮಾತ್ರ ಅಡುಗೆಮನೆಯ ಕಟ್ಟೆ, ನೆಲದ ಟೈಲ್ಸ್, ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನಷ್ಟೇ ನೋಡಿ ಒಪ್ಪಿಕೊಂಡುಬಿಡುತ್ತೇವೆ. ಗೇಟಿನಿಂದ ಆಚೆ ಕಾಲಿಟ್ಟರೆ ಏನಿದೆ ಎಂದು ನೋಡುವವರು ಕಡಿಮೆ. ಹೊಸದಾಗಿ ಈ ಊರಿಗೆ ಬರುವವರಿಗೆ ಉಪಯೋಗವಾಗಲೆಂದು, ನಾವು ನೋಡಿದ ಬಡಾವಣೆಗಳನ್ನೂ ಕೊನೆಗೆ ಆರಿಸಿದ ಬಡಾವಣೆಯನ್ನೂ ಅಲ್ಲಿನ ಒಳಿತು ಕೆಡುಕುಗಳೊಂದಿಗೆ ಇಲ್ಲಿ ಬರೆದಿದ್ದೇನೆ.

ಮನೆಯಲ್ಲಿ ನಾವು ನಾಲ್ಕು ಜನ. ನಾನು ಬ್ಯಾಂಕ್ ಉದ್ಯೋಗಿ, ಶಾಖೆ ಇರುವುದು ಪಿ.ಬಿ. ರಸ್ತೆಯ, ಅಂದರೆ ಹಳೆಯ ಪುಣೆ-ಬೆಂಗಳೂರು ರಸ್ತೆಯ, ಆಸುಪಾಸಿನಲ್ಲಿ. ನಮ್ಮ ಮನೆಯವರ ಕೆಲಸ ಹರಿಹರದಲ್ಲಿ, ಇಲ್ಲಿಂದ ಸುಮಾರು 14 ಕಿಲೋಮೀಟರ್. ಮಗ ಆರನೆಯ ತರಗತಿ. ನಮ್ಮ ಅತ್ತೆಗೆ ಎಪ್ಪತ್ತೆರಡು ವರ್ಷ. ಹಿಂದಿನ ವರ್ಷ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದ್ದು, ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಲೇಬೇಕೆಂದು ವೈದ್ಯರು ಹೇಳಿದ್ದಾರೆ. ತುಮಕೂರಿನಲ್ಲಿ ನಾವಿದ್ದುದು ಊರ ಹೊರಗಿನ ಹೊಸ ಬಡಾವಣೆಯಲ್ಲಿ. ಮನೆ ವಿಶಾಲವಾಗಿತ್ತು, ಗಾಳಿ ಬೆಳಕು ಧಾರಾಳವಾಗಿತ್ತು, ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೂ ಸ್ಕೂಟರ್ ಕೀಲಿ ಹುಡುಕಬೇಕಿತ್ತು. ಅಲ್ಲಿ ಅತ್ತೆ ನಾಲ್ಕು ವರ್ಷವನ್ನು ಹೆಚ್ಚುಕಡಿಮೆ ವರಾಂಡದಲ್ಲಿಯೇ ಕಳೆದರು. ವರ್ಗಾವಣೆಯ ಆದೇಶ ಬಂದ ದಿನ ಅವರು ನನ್ನನ್ನು ಕೇಳಿಕೊಂಡದ್ದು ಒಂದೇ ಮಾತು: "ಮನೆ ಚಿಕ್ಕದಾದರೂ ಚಿಂತೆಯಿಲ್ಲ ಕಣಮ್ಮ, ಬಾಗಿಲು ತೆಗೆದರೆ ನಾಲ್ಕು ಜನ ಕಾಣೋ ಕಡೆ ನೋಡು."

ಆದ್ದರಿಂದ ಮನೆ ಹುಡುಕಲು ಹೊರಟಾಗ ನಾನು ಅಳತೆಗೋಲಾಗಿ ಇಟ್ಟುಕೊಂಡದ್ದು ಅತ್ತೆಯ ನಡಿಗೆಯನ್ನು. ಸಾಧಾರಣ ಆರೋಗ್ಯವಂತರು 400 ಮೀಟರ್ ದೂರವನ್ನು ಐದು ನಿಮಿಷದಲ್ಲಿ ಕ್ರಮಿಸುತ್ತಾರೆ. ಅತ್ತೆಯನ್ನು ಕೋಲು ಹಿಡಿಸಿ ನಡೆಸಿ, ಗಡಿಯಾರ ನೋಡಿದೆ: ಅಷ್ಟೇ ದೂರಕ್ಕೆ ಹತ್ತು ನಿಮಿಷ ಬೇಕಾಯಿತು. ಈ ಲೆಕ್ಕ ಸಣ್ಣದೆಂದು ಕಂಡರೂ ಬಡಾವಣೆಯ ಚಿತ್ರವನ್ನೇ ಬದಲಾಯಿಸುತ್ತದೆ. ಸಿಗ್ನಲ್‌ಗಳಲ್ಲಿ ಪಾದಚಾರಿಗಳಿಗೆ ಸಮಯ ಕೊಡುವಾಗ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ವೇಗವನ್ನು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಹತ್ತು ಮೀಟರ್ ಅಗಲದ ರಸ್ತೆ ದಾಟಲು ಎಂಟು ಒಂಬತ್ತು ಸೆಕೆಂಡು ಸಾಕು, ಅತ್ತೆಗಾದರೋ ಹದಿನೈದು ಸೆಕೆಂಡು ಬೇಕು. ನಮಗೆ "ಇಲ್ಲೇ ಪಕ್ಕದಲ್ಲಿ" ಎನಿಸುವ ಔಷಧಿ ಅಂಗಡಿಗೂ ಮನೆಗೂ ನಡುವೆ ಸಿಗ್ನಲ್ ಇಲ್ಲದ ಒಂದು ದೊಡ್ಡ ರಸ್ತೆ ಇದ್ದರೆ, ಆ ಅಂಗಡಿ ಅವರ ಪಾಲಿಗೆ ಬೇರೆ ಊರಿನಲ್ಲಿದ್ದಂತೆ. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಒಬ್ಬರೇ ಹೋಗಿ ಬರಬಲ್ಲ ಜಾಗಗಳು ಎಷ್ಟಿವೆ ಎಂದು ಎಣಿಸಿದರೆ, ಆ ಬಡಾವಣೆಯ ನಿಜವಾದ ಬೆಲೆ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಮನೆ ತೋರಿಸುವ ಒಬ್ಬ ಬ್ರೋಕರ್‌ರನ್ನು ಹಿಡಿದೆವು. ಒಂದು ತಿಂಗಳ ಬಾಡಿಗೆ ಅವರ ಕಮಿಷನ್. ಅವರ ಸೇವೆಯ ಬಗ್ಗೆ ಹೇಳಬೇಕೆಂದರೆ, ಮನೆಗಳ ಮಾಹಿತಿ ಅವರ ಬಳಿ ಯಥೇಷ್ಟವಾಗಿತ್ತು, ಮಾತಿಗೆ ತಪ್ಪದೆ ಹೇಳಿದ ಸಮಯಕ್ಕೆ ಬರುತ್ತಿದ್ದರು, ಮಾಲೀಕರೊಂದಿಗೆ ಅಡ್ವಾನ್ಸ್ ಕಡಿಮೆ ಮಾಡಿಸುವ ಚಾತುರ್ಯವೂ ಇತ್ತು. ಕೊರತೆ ಇದ್ದದ್ದು ಒಂದೇ ಕಡೆ, ಅದು ದೊಡ್ಡ ಕೊರತೆ: ಅವರು ಎಲ್ಲ ಮನೆಗಳನ್ನೂ ತೋರಿಸಿದ್ದು ಭಾನುವಾರದ ಮಧ್ಯಾಹ್ನ, ಕಾರಿನಲ್ಲಿ. ಗೇಟಿನ ಮುಂದೆ ಇಳಿಸಿ, ಒಳಗೆ ಸುತ್ತಾಡಿಸಿ, ಮತ್ತೆ ಗೇಟಿನ ಮುಂದೆಯೇ ಹತ್ತಿಸಿಕೊಳ್ಳುತ್ತಿದ್ದರು. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಯಾವ ಬೀದಿಯೂ ಶಾಂತವಾಗಿಯೇ ಇರುತ್ತದೆ. "ಬಸ್ ಸ್ಟಾಪ್ ಐದೇ ನಿಮಿಷ" ಎಂದು ಅವರು ಹೇಳಿದ ಒಂದು ಮನೆಗೆ ಮರುದಿನ ನಾನೊಬ್ಬಳೇ ಹೋಗಿ ನಡೆದು ನೋಡಿದಾಗ ಇಪ್ಪತ್ತೆರಡು ನಿಮಿಷವಾಯಿತು. ಅವರ ಐದು ನಿಮಿಷ ಬೈಕಿನದ್ದಾಗಿತ್ತು. ಅವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ನಡೆದು ಹೋಗುವವರೂ ಮನೆ ಕೇಳಿಕೊಂಡು ಬರುತ್ತಾರೆಂಬ ಕಲ್ಪನೆಯೇ ಅವರಿಗಿರಲಿಲ್ಲ. ಆ ದಿನದಿಂದ ಮನೆ ನೋಡುವ ಮೊದಲು ಬೀದಿ ನೋಡುವುದೆಂದು ನಿಶ್ಚಯಿಸಿ, ಪ್ರತಿ ಬಡಾವಣೆಗೂ ಮೂರು ಹೊತ್ತು ಹೋಗತೊಡಗಿದೆ: ಬೆಳಗ್ಗೆ ಆರಕ್ಕೆ, ಶಾಲೆ ಬಿಡುವ ನಾಲ್ಕರ ಸುಮಾರಿಗೆ, ರಾತ್ರಿ ಎಂಟೂವರೆಗೆ.

ಈ ಊರಿನ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಹುಡುಕಾಟ ಸುಲಭವಾಗುತ್ತದೆ. ಹತ್ತಿ ಗಿರಣಿಗಳ ಮತ್ತು ಮಂಡಿ ವ್ಯಾಪಾರದ ಕಾಲದಲ್ಲಿ ಬೆಳೆದ ಹಳೇ ಪೇಟೆ ಒಂದು ಕಡೆ, ಅದರ ನಂತರ ಬಂದ ಬಡಾವಣೆಗಳು ಇನ್ನೊಂದು ಕಡೆ, ನಡುವೆ ರೈಲು ಹಳಿ ಮತ್ತು ಪಿ.ಬಿ. ರಸ್ತೆ. 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಮೇಲೆ, 2007ರಲ್ಲಿ ಮಹಾನಗರ ಪಾಲಿಕೆಯಾದ ಮೇಲೆ ಊರು ಹೊರಮುಖವಾಗಿ ಹಬ್ಬಿದೆ. 2011ರ ಜನಗಣತಿಯಲ್ಲಿ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ನನ್ನ ಅನುಭವದಲ್ಲಿ, ಜನ ಕಾಲ್ನಡಿಗೆಯಲ್ಲಿಯೇ ಓಡಾಡುತ್ತಿದ್ದ ಕಾಲದಲ್ಲಿ ಗೆರೆ ಎಳೆದ ಬಡಾವಣೆಗಳಲ್ಲಿ ಅಂಗಡಿ, ಶಾಲೆ, ಗುಡಿ, ದವಾಖಾನೆ ಮನೆಗಳ ನಡುವೆಯೇ ಹೆಣೆದುಕೊಂಡಿವೆ. ಮನೆಗೊಂದು ವಾಹನ ಬಂದ ಮೇಲೆ ಗೆರೆ ಎಳೆದವುಗಳಲ್ಲಿ ಮನೆಗಳು ಮನೆಗಳ ಜೊತೆ, ಅಂಗಡಿಗಳೆಲ್ಲ ಮುಖ್ಯರಸ್ತೆಯ ಜೊತೆ.

ನಿಜಲಿಂಗಪ್ಪ ಬಡಾವಣೆಯನ್ನು ನಾವು ಮೊದಲು ನೋಡಿದೆವು. ರಸ್ತೆಗಳು ಅಗಲ, ಮನೆಗಳು ಚೆಂದ, ಬೆಳಗಿನ ವಾಯುವಿಹಾರಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ನಾವು ನೋಡಿದ ಮನೆಯಿಂದ ಹಾಲಿಗೂ ತರಕಾರಿಗೂ ವಾಹನಗಳು ವೇಗವಾಗಿ ಓಡುವ ಒಂದು ರಸ್ತೆ ದಾಟಬೇಕಿತ್ತು. ರಾತ್ರಿ ಎಂಟೂವರೆಗೆ ಹೋದಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲ ಗೇಟುಗಳೂ ಮುಚ್ಚಿದ್ದವು, ಬೀದಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಕಾರು ಇರುವವರಿಗೆ ಅದು ಉತ್ತಮ ಬಡಾವಣೆಯೇ. ಶಾಮನೂರು ಕಡೆಯ ಹೊಸ ಮನೆಗಳೂ ಹೀಗೆಯೇ. ಗಾಜಿನ ಮನೆ (ಗ್ಲಾಸ್ ಹೌಸ್) ಉದ್ಯಾನ ಮತ್ತು ಕುಂದವಾಡ ಕೆರೆ ಹತ್ತಿರವೆಂಬ ಆಕರ್ಷಣೆ ನಿಜ, ಕೆರೆಯ ದಂಡೆಯ ಮೇಲೆ ಬೆಳಗಿನ ಜಾವ ನಡೆಯುವ ಜನರನ್ನು ನೋಡುವುದೇ ಒಂದು ಸಂತೋಷ. ಆದರೆ ವಾಕಿಂಗ್‌ಗೆ ಅನುಕೂಲವಾದ ಜಾಗ ಬೇರೆ, ನಡೆದು ಬದುಕಲು ಅನುಕೂಲವಾದ ಬಡಾವಣೆ ಬೇರೆ. ಕೆರೆಯ ತನಕ ಸ್ಕೂಟರಿನಲ್ಲಿ ಹೋಗಿ, ಅಲ್ಲಿ ನಡೆದು, ಮತ್ತೆ ಸ್ಕೂಟರಿನಲ್ಲಿ ಬರುವವರೇ ಹೆಚ್ಚಾಗಿ ಕಂಡರು.

ಬಾಪೂಜಿ ದಂತ ವೈದ್ಯಕೀಯ ಕಾಲೇಜು ಇರುವ ಎಂ.ಸಿ.ಸಿ. ಬಿ ಬ್ಲಾಕ್ ಬಹುತೇಕ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಆಸ್ಪತ್ರೆ ಹತ್ತಿರ, ಊಟ ತಿಂಡಿಗೆ ಬೇಕಾದಷ್ಟು ಅಂಗಡಿಗಳು, ವಿದ್ಯಾರ್ಥಿಗಳ ಓಡಾಟದಿಂದಾಗಿ ರಾತ್ರಿ ತಡವಾದರೂ ಬೀದಿ ಜೀವಂತವಾಗಿರುತ್ತದೆ. ನಮಗೆ ಹೊಂದಿಕೆಯಾಗದಿದ್ದದ್ದು ಎರಡು ಕಾರಣಕ್ಕೆ: ಸಿಕ್ಕ ಮನೆಗಳೆಲ್ಲ ಎರಡನೆಯ, ಮೂರನೆಯ ಮಹಡಿಯವು, ಬೀದಿಯ ಮನೆಗಳಲ್ಲಿ ಬಹಳಷ್ಟು ಪಿ.ಜಿ.ಗಳಾಗಿದ್ದು, ಅಕ್ಕಪಕ್ಕದ ಮುಖಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ. ಓದುವ ಮಕ್ಕಳಿಗೆ, ಒಂಟಿಯಾಗಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ವಿದ್ಯಾನಗರವೂ ಚೆನ್ನಾಗಿತ್ತು, ಆದರೆ ನನ್ನ ಶಾಖೆಗೆ ದೂರವಾಯಿತು.

ಹಳೇ ಪೇಟೆಯ ವಿಚಾರವನ್ನು ಬೇರೆಯಾಗಿ ಹೇಳಬೇಕು. ಚೌಕಿಪೇಟೆ, ಮಂಡಿಪೇಟೆ, ಕಾಯಿಪೇಟೆಗಳ ಸುತ್ತಲಿನ ಗಲ್ಲಿಗಳಲ್ಲಿ ಎಲ್ಲವೂ ಕೈಯಳತೆಯಲ್ಲಿದೆ, ಬಾಗಿಲ ಮುಂದೆ ಕಟ್ಟೆಗಳಿವೆ, ಕಟ್ಟೆಯ ಮೇಲೆ ಜನರಿದ್ದಾರೆ. ಅತ್ತೆಯನ್ನು ದುಗ್ಗಮ್ಮನ ಗುಡಿಗೆ ಕರೆದುಕೊಂಡು ಹೋಗಿದ್ದ ದಿನ ಅವರಿಗೆ ಆ ಬೀದಿಗಳು ಎಷ್ಟು ಹಿಡಿಸಿದವೆಂದರೆ, ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯ ಹೊತ್ತಿಗೆ ಇಲ್ಲಿಯೇ ಇರೋಣವೆಂದು ಹಟ ಹಿಡಿದರು. ನನ್ನ ಮನಸ್ಸೂ ಅತ್ತ ವಾಲಿತ್ತು. ಆದರೆ ವಾರದ ದಿನ ಬೆಳಗ್ಗೆ ಹತ್ತಕ್ಕೆ ಹೋಗಿ ನೋಡಿದರೆ ಮೂಟೆ ಇಳಿಸುವ ಲಾರಿ, ತಳ್ಳುಗಾಡಿ, ಆಟೊಗಳ ನಡುವೆ ಕೋಲು ಹಿಡಿದವರು ಹೆಜ್ಜೆ ಇಡಲು ಜಾಗವಿರಲಿಲ್ಲ. ಜೊತೆಗೆ ರೈಲು ಹಳಿಯ ಆಚೆ ಈಚೆ ದಿನನಿತ್ಯ ದಾಟುವ ಪ್ರಶ್ನೆ. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಕಾದು ನಿಂತ ಕತೆಗಳನ್ನು ಈ ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ದೂರ ಕಡಿಮೆ ಎಂದ ಮಾತ್ರಕ್ಕೆ ನಡಿಗೆ ಸಲೀಸು ಎಂದಲ್ಲ ಎಂಬುದು ನನಗೆ ಅಲ್ಲಿ ಮನವರಿಕೆಯಾಯಿತು.

ಪಿ.ಜೆ. ಬಡಾವಣೆಯ ಮನೆ ಸಿಕ್ಕಿದ್ದು ಬ್ರೋಕರ್ ಮೂಲಕವಲ್ಲ, ಬೀದಿ ತಿರುವಿನ ಇಸ್ತ್ರಿ ಅಂಗಡಿಯವರಿಂದ. ಸಂಜೆ ಸುತ್ತಾಡುತ್ತಿದ್ದ ನನ್ನನ್ನು ಮೂರನೆಯ ಬಾರಿ ನೋಡಿದ ಅವರೇ ಕರೆದು, "ಮನೆ ನೋಡ್ತಿದೀರೇನ್ರಿ ಅಕ್ಕಾರೆ?" ಎಂದು ಕೇಳಿದರು. ಬೋರ್ಡು ಹಾಕದ ಮನೆಯೊಂದು ಖಾಲಿಯಾಗಲಿದೆಯೆಂದು ಹೇಳಿ, ಮಾಲೀಕರ ಬಾಗಿಲವರೆಗೂ ಜೊತೆಗೆ ಬಂದರು. ಕಮಿಷನ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬೀದಿಯ ಯಾವ ಮನೆಯಲ್ಲಿ ಯಾರಿದ್ದಾರೆ, ಯಾವಾಗ ಖಾಲಿ ಮಾಡುತ್ತಾರೆ, ನೀರು ಹೇಗೆ, ಮಾಲೀಕರ ಸ್ವಭಾವ ಹೇಗೆ ಎಂಬುದೆಲ್ಲ ಇಸ್ತ್ರಿಯವರಿಗೆ, ಹಾಲಿನವರಿಗೆ, ಹೂವು ಮಾರುವವರಿಗೆ ತಿಳಿದಿರುವಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಅಂಥವರು ಬೀದಿಯಲ್ಲಿ ಇದ್ದಾರೆಯೇ ಎಂಬುದೇ ಬಡಾವಣೆಗೆ ನಾನು ಒಡ್ಡುವ ಮೊದಲ ಪರೀಕ್ಷೆ.

ಮುಂಗಡ ಕೊಡುವ ಮೊದಲು ಅತ್ತೆಯನ್ನು ಕರೆತಂದು ಆ ಬೀದಿಯಲ್ಲಿ ನಡೆಸಿ ನೋಡಿದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರತಂದ ಪಾದಚಾರಿ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವಾದ ಜಾಗ ಇರಬೇಕು, ಅಂಚಿನ ಕಲ್ಲು ರಸ್ತೆಯಿಂದ 150 ಮಿಲಿಮೀಟರಿಗಿಂತ ಎತ್ತರವಿರಬಾರದು. ಟೇಪು ಹಿಡಿದು ಅಳೆದೆ. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಎಂಬುದು ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳ ಸಾಲು. ಅಗಲ ಎಲ್ಲಿಯೂ 1 ಮೀಟರ್ ದಾಟುವುದಿಲ್ಲ. ಅದರ ಮೇಲೂ ಮನೆಮನೆಯ ಮುಂದೆ ಕಾರು ಒಳಗೆ ಹೋಗಲು ಕಟ್ಟಿದ ಇಳಿಜಾರುಗಳು ಅದನ್ನು ತುಂಡು ತುಂಡು ಮಾಡಿವೆ. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಇತ್ತು, ಆದರೆ ಆ ಕಾಮಗಾರಿಯ ಚೆಂದದ ಫುಟ್‌ಪಾತ್ ಯಾವುದೂ ನಮ್ಮ ಒಳರಸ್ತೆಯನ್ನು ಮುಟ್ಟಿಲ್ಲ. ಅತ್ತೆ ಚಪ್ಪಡಿಗಳ ಮೇಲೆ ನಿಧಾನವಾಗಿ ಬರುತ್ತಿದ್ದವರು ನಾಲ್ಕನೆಯ ಮನೆಯ ಮುಂದೆ ತಟ್ಟನೆ ನಿಂತರು. ಕಾಲಿಟ್ಟ ಚಪ್ಪಡಿ ಒಂದು ಮಗ್ಗುಲಿಗೆ ವಾಲಿ "ದಡ್" ಎಂದು ಸದ್ದು ಮಾಡಿತು. ಅದಕ್ಕೂ ಮುಂದಿನ ಚಪ್ಪಡಿಗೂ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಅವರ ಕೋಲು ಇಳಿದುಹೋಯಿತು. ನಾನು ತೋಳು ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ. ಆದರೆ ಹೆದರಿಕೆಗೆ ಮುಖವೆಲ್ಲ ಬೆವೆತಿತ್ತು.

ಈ ಮನೆ ಬೇಡವೆಂದು ನಾನು ಆ ಕ್ಷಣಕ್ಕೆ ನಿರ್ಧರಿಸಿಬಿಟ್ಟಿದ್ದೆ. ಅಷ್ಟರಲ್ಲಿ ಎದುರು ಮನೆಯ ಹಿರಿಯ ಮಹಿಳೆಯೊಬ್ಬರು ಕೈಯಲ್ಲಿದ್ದ ಮೊರವನ್ನು ಜಗುಲಿಯ ಮೇಲಿಟ್ಟು ಬಂದರು. ಅವರ ಸೊಸೆ ಪ್ಲಾಸ್ಟಿಕ್ ಕುರ್ಚಿ ತಂದು ರಸ್ತೆಯಲ್ಲಿಯೇ ಹಾಕಿದರು, ಚೊಂಬಿನಲ್ಲಿ ನೀರು ಬಂತು. "ಆ ಕಲ್ಲು ಹಂಗೇ ಐತ್ರಿ ಬಾಳ ದಿನದಿಂದ, ನಾವೆಲ್ಲ ದಾಟ್ಕಂಡೇ ಹೋಗ್ತೀವಿ, ನಿಮಗೆ ಗೊತ್ತಾಗ್ಬೇಕಲ್ಲ" ಎಂದು ಆ ತಾಯಿ ತಮ್ಮದೇ ತಪ್ಪೆಂಬಂತೆ ನೊಂದುಕೊಂಡರು. ಅತ್ತೆ ಅಲ್ಲಿಯೇ ಕುಳಿತು ಹತ್ತು ನಿಮಿಷದೊಳಗೆ ಅವರ ತವರು ಯಾವುದು, ಮೊಮ್ಮಕ್ಕಳು ಎಷ್ಟು, ಮೊಣಕಾಲಿಗೆ ಯಾವ ಎಣ್ಣೆ ಎಂಬುದನ್ನೆಲ್ಲ ವಿಚಾರಿಸಿ ಮುಗಿಸಿದ್ದರು. ಮನೆಗೆ ಹಿಂದಿರುಗುವಾಗ ಆಟೊದಲ್ಲಿ ಅವರು ಹೇಳಿದ್ದು, "ಕಲ್ಲು ಸರಿ ಮಾಡಿಸಬಹುದು, ಅಂಥ ಜನಾನ ಎಲ್ಲಿಂದ ತರ್ತೀಯ?" ಮರುದಿನ ಅಡ್ವಾನ್ಸ್ ಕೊಟ್ಟೆವು.

ಈಗ ಬಡಾವಣೆಯ ಗುಣಗಳು. ನಮ್ಮ ಬಾಗಿಲಿನಿಂದ ಅತ್ತೆಯ ಹತ್ತು ನಿಮಿಷದ ನಡಿಗೆಯೊಳಗೆ ನಂದಿನಿ ಹಾಲಿನ ಬೂತ್, ಎರಡು ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಔಷಧಿ ಅಂಗಡಿ, ರಕ್ತ ಪರೀಕ್ಷೆಯ ಲ್ಯಾಬ್, ಒಬ್ಬ ವೈದ್ಯರ ಕ್ಲಿನಿಕ್, ಒಂದು ಚಿಕ್ಕ ಗುಡಿ ಇವೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ರಸ್ತೆ ದಾಟಬೇಕಾಗಿಲ್ಲ. ಇಷ್ಟೇ ಆಗಿದ್ದರೂ ನಾನು ಈ ಬಡಾವಣೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೆ. ನನ್ನ ಶಾಖೆಗೆ ಹದಿನೆಂಟು ನಿಮಿಷ ನಡಿಗೆ, ಈ ಹತ್ತು ತಿಂಗಳಲ್ಲಿ ಸ್ಕೂಟರಿಗೆ ಹಾಕಿಸುವ ಪೆಟ್ರೋಲು ಅರ್ಧಕ್ಕಿಂತ ಕಡಿಮೆಯಾಗಿದೆ. ಮಗ ಶಾಲೆಗೆ ಪಕ್ಕದ ಬೀದಿಯ ಇಬ್ಬರು ಹುಡುಗರ ಜೊತೆ ನಡೆದೇ ಹೋಗುತ್ತಾನೆ. ಬೀದಿಗಳು ಒಂದಕ್ಕೊಂದು ಅಡ್ಡಲಾಗಿ ಹಾಯ್ದಿರುವುದರಿಂದ ಒಂದು ರಸ್ತೆ ಅಗೆದಿದ್ದರೆ ಇನ್ನೊಂದರಲ್ಲಿ ಹೋಗಬಹುದು. ಹೊಸ ಬಡಾವಣೆಗಳಲ್ಲಿ ಒಂದೇ ದಾರಿ, ಅದು ಮುಚ್ಚಿದರೆ ಊರೆಲ್ಲ ಸುತ್ತಬೇಕು. ಹಳೆಯ ಕಾಂಪೌಂಡುಗಳ ಒಳಗಿನಿಂದ ಬೇವು, ಹೊಂಗೆ, ಮಾವು ರಸ್ತೆಗೆ ಬಾಗಿವೆ. ಏಪ್ರಿಲ್ ಮೇ ತಿಂಗಳ ದಾವಣಗೆರೆಯ ಬಿಸಿಲು ಬಲ್ಲವರಿಗೆ ಈ ನೆರಳು ಎಷ್ಟು ದೊಡ್ಡ ಸೌಕರ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಮರವಿರುವ ಮಗ್ಗುಲಿನಲ್ಲಿ ಬೆಳಗ್ಗೆ ಹತ್ತೂವರೆಗೂ ಅತ್ತೆ ನಡೆಯಬಲ್ಲರು, ಮರವಿಲ್ಲದ ಬೀದಿಯಲ್ಲಿ ಎಂಟೂವರೆಗೇ ತಲೆ ಸುಡುತ್ತದೆ. ಮನೆ ನೋಡಲು ಮಳೆಗಾಲದಲ್ಲಿ ಬರುವವರು ಮರಗಳನ್ನು ಲೆಕ್ಕ ಹಾಕಿಕೊಂಡು ಹೋಗಬೇಕು.

ಸಂಜೆಯ ಹೊತ್ತು ನಮ್ಮ ಬಡಾವಣೆಯ ರಾಮ್ ಅಂಡ್ ಕೋ ವೃತ್ತದ ಸುತ್ತ ತಿಂಡಿ ಗಾಡಿಗಳು ನಿಲ್ಲುತ್ತವೆ. ಮಂಡಕ್ಕಿ ಮೆಣಸಿನಕಾಯಿಯ ವಾಸನೆಗೆ ಊರಿನ ನಾನಾ ಮೂಲೆಗಳಿಂದ ಜನ ಬರುತ್ತಾರೆ. ಇದು ನಮಗೆ ವರವೂ ಹೌದು, ಕಷ್ಟವೂ ಹೌದು. ವರವೆಂದರೆ, ರಾತ್ರಿ ಒಂಬತ್ತಕ್ಕೆ ನಾನು ಒಬ್ಬಳೇ ಬಂದರೂ ದಾರಿಯುದ್ದಕ್ಕೂ ದೀಪ, ಜನ, ತೆರೆದ ಅಂಗಡಿ. ಕಷ್ಟವೆಂದರೆ ಶನಿವಾರ, ಭಾನುವಾರದ ಸಂಜೆ ಬೈಕುಗಳು ಅಕ್ಕಪಕ್ಕದ ಕ್ರಾಸ್‌ಗಳ ತನಕ ನಿಂತು, ಅಷ್ಟಿಷ್ಟು ಉಳಿದ ಚಪ್ಪಡಿಯ ದಾರಿಯೂ ಮುಚ್ಚಿಹೋಗುತ್ತದೆ. ಆ ಎರಡು ಸಂಜೆ ಅತ್ತೆ ವೃತ್ತದ ಕಡೆಗೆ ಹೋಗುವುದಿಲ್ಲ. ವೃತ್ತಕ್ಕೆ ತೀರ ಹತ್ತಿರದ ಮನೆ ಹಿಡಿಯುವವರು ಶನಿವಾರ ರಾತ್ರಿ ಎಂಟಕ್ಕೆ ಆ ಮನೆಯ ಬಾಗಿಲಲ್ಲಿ ಹದಿನೈದು ನಿಮಿಷ ನಿಂತು ನೋಡಿ ಆಮೇಲೆ ಮಾತು ಕೊಡುವುದು ಒಳ್ಳೆಯದು.

ಹೊಸಬರನ್ನು ಬಡಾವಣೆ ಹೇಗೆ ಬರಮಾಡಿಕೊಳ್ಳುತ್ತದೆ ಎಂಬ ವಿಷಯಕ್ಕೆ ಬಂದರೆ, ಮನಸ್ಸಿಗೆ ಹಿತವೆನಿಸದ ಮಾತನ್ನೂ ಹೇಳಲೇಬೇಕು. ಮನೆ ಹುಡುಕಿದ ಆರು ವಾರಗಳಲ್ಲಿ, ಬೇರೆ ಬೇರೆ ಬಡಾವಣೆಗಳಲ್ಲಿ, ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ಕೇಳುವ ಮೊದಲೇ "ನೀವು ಯಾವ ಪೈಕಿ?" ಎಂದು ಕೇಳಿದ ಮಾಲೀಕರು ಒಬ್ಬಿಬ್ಬರಲ್ಲ. ನಮಗೆ ಬಾಗಿಲು ತೆರೆಯಿತು. ನಮ್ಮ ಶಾಖೆಗೇ, ನನ್ನ ಹಿಂದೆಯೇ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರಿಗೆ ಹೆಸರು ಕೇಳಿದ ಮೇಲೆ ಮೂರು ಮನೆಗಳಲ್ಲಿ "ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರು" ಎಂಬ ಉತ್ತರ ಸಿಕ್ಕಿತು. ಅದರಲ್ಲಿ ಒಂದು ನಾನು ಇಷ್ಟು ಹೊಗಳುತ್ತಿರುವ ಬಡಾವಣೆಯಲ್ಲಿಯೇ. ಹಾಗಾಗಿ ಈ ಬೀದಿ ಎಲ್ಲರನ್ನೂ ಆದರಿಸುತ್ತದೆಂದು ಬರೆದರೆ ನಾನು ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಎದುರು ಮನೆಯವರು ಕುರ್ಚಿ ತಂದು ಹಾಕುವಾಗ ನಮ್ಮನ್ನು ಏನೂ ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಆ ಸಹೋದ್ಯೋಗಿಗೆ ಕೊನೆಗೆ ಕೆ.ಟಿ.ಜೆ. ನಗರದಲ್ಲಿ ಒಳ್ಳೆಯ ಮನೆ ಸಿಕ್ಕಿದೆ, ಅಲ್ಲಿಯೂ ಅಂಗಡಿ ಮುಂಗಟ್ಟು ಹತ್ತಿರ, ಅಕ್ಕಪಕ್ಕದವರು ವಿಶ್ವಾಸದಿಂದಿದ್ದಾರೆಂದು ಅವರೇ ಹೇಳುತ್ತಾರೆ. ಮಾಲೀಕರ ಮೊದಲ ಪ್ರಶ್ನೆ ಯಾವುದು, ಅಲ್ಲಿ ಆಗಲೇ ಬಾಡಿಗೆಗಿರುವವರು ಎಷ್ಟು ವರ್ಷದಿಂದ ಇದ್ದಾರೆ ಎಂಬ ಎರಡನ್ನು ಗಮನಿಸಿದರೆ ಮುಂದಿನದು ಬಹುಮಟ್ಟಿಗೆ ತಿಳಿಯುತ್ತದೆ. ನಮ್ಮ ಕಟ್ಟಡದ ಮೇಲಿನ ಮನೆಯವರು ಒಂಬತ್ತು ವರ್ಷದಿಂದ ಇದ್ದಾರೆ.

ಕೊರತೆಗಳಲ್ಲಿ ಮುಖ್ಯವಾದುದು ಮನೆಯದ್ದೇ. ಇದೇ ಬಾಡಿಗೆಗೆ ಶಾಮನೂರು ರಸ್ತೆಯ ಆಚೆ ಇನ್ನೊಂದು ಕೋಣೆ ಹೆಚ್ಚಿಗೆ ಸಿಗುತ್ತಿತ್ತು, ಕಾರು ನಿಲ್ಲಿಸಲು ಜಾಗವೂ ಸಿಗುತ್ತಿತ್ತು. ಇಲ್ಲಿನದು ಹಳೆಯ ಗೋಡೆ, ಮಳೆಗಾಲದಲ್ಲಿ ಹಿಂದಿನ ಕೋಣೆ ಥಂಡಿ ಹಿಡಿಯುತ್ತದೆ, ಬಚ್ಚಲುಮನೆಯ ಹೊಸ್ತಿಲು ಅತ್ತೆಯ ಕಾಲಿಗೆ ಎತ್ತರ. ನಲ್ಲಿ ನೀರು ದಿನವೂ ಬರುವುದಿಲ್ಲ. ಬರುವ ದಿನ ತೊಟ್ಟಿ ತುಂಬಿಸಿಕೊಳ್ಳುವ ಕೆಲಸ ತಪ್ಪುವುದಿಲ್ಲ. ಆದ್ದರಿಂದ ಮನೆ ನೋಡುವಾಗ ತೊಟ್ಟಿಯ ಗಾತ್ರ ಮತ್ತು ಬೋರ್‌ವೆಲ್ ಇದೆಯೇ ಎಂಬುದನ್ನು ಮರೆಯದೆ ಕೇಳಬೇಕು. ಬೆಳಗಿನ ಜಾವ ಬೀದಿ ನಾಯಿಗಳ ಕಾಟವಿದೆ. ಆರಕ್ಕೆ ಮೊದಲು ಅತ್ತೆಯನ್ನು ಒಬ್ಬರನ್ನೇ ಬಿಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಪಿ.ಬಿ. ರಸ್ತೆ. ಬಡಾವಣೆಯೊಳಗೆ ಎಷ್ಟು ಸಲೀಸಾಗಿ ನಡೆದರೂ ರೈಲು ನಿಲ್ದಾಣದ ಕಡೆ ಹೋಗಬೇಕೆಂದರೆ ಆ ರಸ್ತೆ ದಾಟಲೇಬೇಕು. ಬಸ್ಸು, ಲಾರಿ, ಆಟೊಗಳ ಆ ಓಟದಲ್ಲಿ ಹದಿನೈದು ಸೆಕೆಂಡಿನ ಬಿಡುವು ಸಿಗುವುದು ಅಪರೂಪ. ಗಾಂಧಿ ವೃತ್ತದ ಸಿಗ್ನಲ್ಲಿನಲ್ಲಿ ನಾನೇ ಎಷ್ಟೋ ಸಲ ಓಡಿದ್ದೇನೆ. ಅತ್ತೆಗೆ ಹಳೇ ಪೇಟೆ ಬೇಕೆಂದರೆ ಇಂದಿಗೂ ಆಟೊವೇ ಗತಿ.

ಕಾರಿಲ್ಲದವರಿಗೆ ಅಥವಾ ಕಾರು ಬೇಡವೆನ್ನುವವರಿಗೆ, ವಯಸ್ಸಾದವರು ಇರುವ ಮನೆಗೆ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಪಿ.ಜೆ. ಬಡಾವಣೆಯನ್ನು ನಾನು ಯಾವ ಅಳುಕೂ ಇಲ್ಲದೆ ಸೂಚಿಸುತ್ತೇನೆ, ಆದರೆ ಕೆಳಗಿನ ಮನೆ ಸಿಕ್ಕರೆ ಮಾತ್ರ, ವೃತ್ತದಿಂದ ಎರಡು ಕ್ರಾಸ್‌ನಷ್ಟಾದರೂ ಒಳಗಿದ್ದರೆ ಮಾತ್ರ. ಎರಡು ವಾಹನವಿದ್ದು, ಮನೆ ವಿಶಾಲವಾಗಿರಬೇಕು, ಸಂಜೆ ಸದ್ದಿರಬಾರದು ಎನ್ನುವವರಿಗೆ ನಿಜಲಿಂಗಪ್ಪ ಬಡಾವಣೆಯೇ ತಕ್ಕುದು.

ವಾಲುತ್ತಿದ್ದ ಚಪ್ಪಡಿಯ ವಿಷಯ ಹೇಳಿ ಮುಗಿಸುತ್ತೇನೆ. ನಾವು ಬಂದ ಎರಡನೆಯ ತಿಂಗಳು ವಾರ್ಡಿನ ಸಿಬ್ಬಂದಿಗೆ ಬರೆದುಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ನಾಲ್ಕನೆಯ ತಿಂಗಳು ಎದುರು ಮನೆಯವರು, ನಾವು, ಮೇಲಿನ ಮನೆಯವರು ಸೇರಿ ಮೇಸ್ತ್ರಿಯನ್ನು ಕರೆಸಿ, ಕಲ್ಲು ಎತ್ತಿಸಿ, ಅಡಿಗೆ ಸಿಮೆಂಟು ಹಾಕಿಸಿ ಕೂರಿಸಿದೆವು. ಸಂದಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದೇವೆ, ಚರಂಡಿ ಸ್ವಚ್ಛ ಮಾಡುವವರು ಎತ್ತಲು ಬರುವಂತೆ. ಹನ್ನೊಂದು ತಿಂಗಳ ಕರಾರು ಬರುವ ತಿಂಗಳು ಮುಗಿಯುತ್ತದೆ. ನವೀಕರಿಸುವ ಮೊದಲು ಮಾಲೀಕರ ಮುಂದೆ ನಾವು ಎರಡು ಬೇಡಿಕೆ ಇಟ್ಟಿದ್ದೇವೆ: ಗೇಟಿನ ಮೆಟ್ಟಿಲಿಗೆ ಹಿಡಿಗಂಬಿ, ಬಚ್ಚಲಿನ ಹೊಸ್ತಿಲು ತಗ್ಗಿಸುವುದು. ಹಿಡಿಗಂಬಿಗೆ ಒಪ್ಪಿ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದಾರೆ. ಹೊಸ್ತಿಲಿನ ಬಗ್ಗೆ ಇನ್ನೂ ಮಾತು ನಡೆಯುತ್ತಿದೆ.